ಬೇಸಿಗೆ ರಜೆಗೊಂದು ಕಂಪ್ಯೂಟರ್ ಕಮ್ಮಟ

ಸೋಮವಾರ, ಗುರುವಾರ ಬಂತೆಂದರೆ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸುಗ್ಗಿಯಲ್ಲಿ ಒಂದೇ ದಿನಕ್ಕೆ ಲಕ್ಷಕ್ಕೂ ಹೆಚ್ಚು ಚೀಲ ಬರುವುದುಂಟು. ದಲಾಲಿ ಅಂಗಡಿಗೆ ಬಂದ ಮಾಲಿಗೆಲ್ಲ ಲಾಟ್ ನಂಬರ್ ಬೀಳುತ್ತದೆ. ಖರೀದಿದಾರರು ಡಬ್ಬಿ ತಳಿಯೋ ಕಡ್ಡಿ ತಳಿಯೋ ನೋಡಿ, ಬಣ್ಣ, ತೇವ ಪರೀಕ್ಷಿಸಿ, ತಮ್ಮ ದರವನ್ನು ಇ-ಟೆಂಡರಿನಲ್ಲಿ ನಮೂದಿಸುತ್ತಾರೆ. ಸಮಯ ಮುಗಿದ ಮೇಲೆ ಯಾವ ಲಾಟಿಗೆ ಯಾರ ದರ ಹೆಚ್ಚು ಎಂದು ಹೇಳುವುದು ಕಂಪ್ಯೂಟರ್. 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ರೈತರ ಸಿಟ್ಟು ಎಪಿಎಂಸಿ ಕಚೇರಿಗೆ ಬೆಂಕಿ ಬೀಳುವವರೆಗೂ ಹೋಗಿತ್ತು. ಪರದೆಯ ಮೇಲೆ ಮೂಡುವ ಆ ಅಂಕಿಗೆ ಈ ಊರಿನಲ್ಲಿ ಅಷ್ಟು ತೂಕವಿದೆ.

ಆ ಅಂಕಿ ಹೇಗೆ ಬಂತು ಎಂಬುದನ್ನು ಒಂಬತ್ತನೇ ತರಗತಿಯ ಹುಡುಗಿಗೆ ಕಲಿಸಲು ಒಂದು ಬೆಳಗು ಸಾಕು. ಒಂದು ಲಾಟಿಗೆ ಬಂದ ಐದು ದರಗಳನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ಮೊದಲನೆಯದನ್ನೇ ‘ದೊಡ್ಡದು’ ಎಂದು ಇಟ್ಟುಕೊಳ್ಳಲಿ. ಎರಡನೆಯದು ಅದಕ್ಕಿಂತ ಹೆಚ್ಚಿದ್ದರೆ ಹಳೆಯದನ್ನು ಅಳಿಸಿ ಇದನ್ನು ಬರೆಯಲಿ, ಇಲ್ಲದಿದ್ದರೆ ಮುಂದಕ್ಕೆ ಹೋಗಲಿ. ಐದೂ ಮುಗಿದಾಗ ಉಳಿದದ್ದೇ ಉತ್ತರ. ಪೈಥಾನ್ ಭಾಷೆಯಲ್ಲಿ ಇದು ಐದಾರು ಸಾಲಿನ ಪ್ರೋಗ್ರಾಂ. ಗಟ್ಟಿ ಪಾಠ ಶುರುವಾಗುವುದು ಆಮೇಲೆ. ಇಬ್ಬರು ಒಂದೇ ದರ ಬರೆದಿದ್ದರೆ ಮಾಲು ಯಾರಿಗೆ? 30,000 ಬರೆಯುವಾಗ ಕೈತಪ್ಪಿ ಒಂದು ಸೊನ್ನೆ ಹೆಚ್ಚಾದರೆ ಯಂತ್ರ ತಡೆಯಬೇಕೋ ಬೇಡವೋ? ಇದನ್ನು ಮೊದಲು ಮನುಷ್ಯರೇ ತೀರ್ಮಾನಿಸಿ ಯಂತ್ರಕ್ಕೆ ಹೇಳಬೇಕು. ಮಕ್ಕಳು ಈ ಪ್ರಶ್ನೆಗಳಿಗೆ ಜಗಳವಾಡಿ ಉತ್ತರ ಕಂಡುಕೊಂಡರೆ ಕಂಪ್ಯೂಟರ್ ಶಿಕ್ಷಣದ ಅರ್ಧ ದಾರಿ ಸವೆದಂತೆ.

ನಲವತ್ತು ನಿಮಿಷ ಸಾಲದು

ಶಾಲೆಯ ದಿನಗಳಲ್ಲಿ ಇದಕ್ಕೆಲ್ಲ ಬಿಡುವಿಲ್ಲ. 2001ರಲ್ಲಿ ಆರಂಭವಾದ ಮಾಹಿತಿ ಸಿಂಧು ಯೋಜನೆಯಿಂದ ಹಿಡಿದು ಈಚಿನ ‘ಟಾಲ್ಪ್’ ಎಂಬ ತಂತ್ರಜ್ಞಾನಾಧಾರಿತ ಕಲಿಕೆಯ ತರಬೇತಿಯವರೆಗೆ ನಮ್ಮ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರೂ ಬಂದಿದೆ, ಶಿಕ್ಷಕರಿಗೆ ತರಬೇತಿಯೂ ಸಿಕ್ಕಿದೆ. ಆದರೆ ನಲವತ್ತು ನಿಮಿಷದ ಪಿರಿಯಡ್‌ನಲ್ಲಿ ಮಕ್ಕಳು ಸಾಲಾಗಿ ಬಂದು ಕೂತು, ಯಂತ್ರ ಶುರುವಾಗುವ ಹೊತ್ತಿಗೆ ಕಾಲು ಭಾಗ ಕಳೆದಿರುತ್ತದೆ. ಒಂದು ಯಂತ್ರಕ್ಕೆ ಐದಾರು ಜನ ಮುತ್ತಿಕೊಂಡರೆ ಮೌಸ್ ಹಿಡಿಯುವವನು ಧೈರ್ಯದ ಹುಡುಗನೊಬ್ಬನೇ. ಹಿಂದೆ ನಿಂತವರು ನೋಡಿಯೇ ತೃಪ್ತಿಪಡಬೇಕು. ಹತ್ತನೇ ತರಗತಿಗೆ ಬಂದ ಮೇಲಂತೂ ಎಸ್ಸೆಸ್ಸೆಲ್ಸಿ ಬಿಟ್ಟರೆ ಬೇರೆ ಮಾತಿಲ್ಲ.

ಬೇಸಿಗೆ ರಜೆಯ ಕಮ್ಮಟದಲ್ಲಾದರೆ ಗಂಟೆ ಬಾರಿಸುವವರಿಲ್ಲ. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ, ಬಿಸಿಲು ಏರುವ ಮುನ್ನ, ಒಂದೇ ಕೆಲಸದಲ್ಲಿ ಮುಳುಗಬಹುದು. ಯಂತ್ರಕ್ಕೆ ಇಬ್ಬರೇ. ಒಬ್ಬರು ಟೈಪ್ ಮಾಡಿದರೆ ಇನ್ನೊಬ್ಬರು ತಪ್ಪು ಹುಡುಕಬೇಕು, ಸ್ವಲ್ಪ ಹೊತ್ತಿಗೆ ಜಾಗ ಬದಲಾಗಬೇಕು. ಹೆಣ್ಣುಮಕ್ಕಳ ಕೈಗೆ ಕೀಬೋರ್ಡ್ ಸಿಗುವುದು ಈ ನಿಯಮದಿಂದಲೇ. ಇಂಟರ್ನೆಟ್ ಬೇಕೆಂದೇನೂ ಇಲ್ಲ. ಪೈಥಾನ್ ಆಗಲಿ, 2007ರಲ್ಲಿ ಅಮೆರಿಕದ ಎಂಐಟಿ ಮಕ್ಕಳಿಗೆಂದೇ ಹೊರತಂದ ಸ್ಕ್ರಾಚ್ ಆಗಲಿ, ಒಮ್ಮೆ ಹಾಕಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತವೆ. ಎರಡೂ ಉಚಿತ. ಹಳೆಯ ಯಂತ್ರಗಳಿಗೆ ಹಗುರವಾದ ಲಿನಕ್ಸ್ ಹಾಕಿದರೆ ಅವೂ ಕೆಲಸಕ್ಕೆ ಬರುತ್ತವೆ. ಕರೆಂಟ್ ಹೋಯಿತೇ? ಮಕ್ಕಳನ್ನೇ ಸಾಲಾಗಿ ನಿಲ್ಲಿಸಿ, ಇಬ್ಬಿಬ್ಬರ ಎತ್ತರ ಹೋಲಿಸುತ್ತ ಅನುಕ್ರಮಕ್ಕೆ ತನ್ನಿ. ಕಂಪ್ಯೂಟರ್ ಅಂಕಿಗಳನ್ನು ಜೋಡಿಸುವ ಒಂದು ವಿಧಾನ ಅದೇ.

ಹೆಸರಿನೊಳಗೆ ಎಷ್ಟು ಸಂಕೇತ?

ಕಲಿಕೆ ಕನ್ನಡದಲ್ಲೇ ನಡೆಯಬೇಕು. ಪೈಥಾನ್‌ಗೆ ‘ಹಾವೇರಿ’ ಎಂಬ ಪದ ಕೊಟ್ಟು ಉದ್ದ ಎಷ್ಟೆಂದು ಕೇಳಿದರೆ ಅದು 6 ಎನ್ನುತ್ತದೆ. ಮಕ್ಕಳ ಕಣ್ಣಿಗೆ ಕಾಣುವುದು ಮೂರೇ ಅಕ್ಷರ. ಯುನಿಕೋಡ್‌ನಲ್ಲಿ ಹ, ವ, ರ ಮೂರು ಸಂಕೇತಗಳಾದರೆ ದೀರ್ಘ, ಏತ್ವ, ಗುಡಿಸು ಇನ್ನು ಮೂರು. ‘ಬ್ಯಾಡಗಿ’ಗೆ 7 ಬರುತ್ತದೆ, ಒತ್ತಕ್ಷರದ ನಡುವೆ ಅಡಗಿದ ಹಲಂತ ಚಿಹ್ನೆಗೂ ಅಲ್ಲಿ ಲೆಕ್ಕ ಉಂಟು. ಐದಕ್ಷರದ ‘ರಾಣೆಬೆನ್ನೂರು’ 12 ಆಗುತ್ತದೆ. ತಮ್ಮ ತಮ್ಮ ಹೆಸರು ಹಾಕಿ ನೋಡಲು ಮಕ್ಕಳಿಗೆ ಯಾರೂ ಹೇಳಬೇಕಾಗಿಲ್ಲ. ಕಾಗುಣಿತದ ಒಳರಚನೆಯೂ ಕಂಪ್ಯೂಟರಿನ ಒಳಲೆಕ್ಕವೂ ಒಟ್ಟಿಗೇ ಅರ್ಥವಾಗುವ ಪಾಠವಿದು.

ಕನ್ನಡದಲ್ಲಿ ಇಂಥದ್ದು ಸಾಧ್ಯವೇ ಎನ್ನುವವರು ಕಾಸರಗೋಡಿನತ್ತ ನೋಡಲಿ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕೇರಳ ಸರ್ಕಾರ ಮಾಹಿತಿ ತಂತ್ರಜ್ಞಾನದ ಪಠ್ಯಪುಸ್ತಕವನ್ನು ಕನ್ನಡದಲ್ಲೇ ಕೊಡುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಅದು ಕಡ್ಡಾಯ ವಿಷಯ, ಪ್ರಾಯೋಗಿಕ ಪರೀಕ್ಷೆಯೂ ಇದೆ. 2018ರಲ್ಲಿ ಶುರುವಾದ ‘ಲಿಟಲ್ ಕೈಟ್ಸ್’ ಕೂಟಗಳು ಪ್ರೌಢಶಾಲಾ ಮಕ್ಕಳಿಗೆ ಶಿಬಿರ ನಡೆಸಿ ಅನಿಮೇಷನ್, ಪ್ರೋಗ್ರಾಮಿಂಗ್, ಎಲೆಕ್ಟ್ರಾನಿಕ್ಸ್ ಕಲಿಸುತ್ತವೆ. ಬಳಸುವುದು ಸ್ವತಂತ್ರ ತಂತ್ರಾಂಶಗಳನ್ನೇ. ಗಡಿಯಾಚೆಯ ಕನ್ನಡದ ಮಕ್ಕಳಿಗೆ ಸಿಕ್ಕಿದ್ದು ಹಾವೇರಿ ಜಿಲ್ಲೆಯ ಮಕ್ಕಳಿಗೂ ಸಿಗಬೇಕು.

ಬೇಕಾದದ್ದೆಲ್ಲ ಇಲ್ಲೇ ಇದೆ

ಬೇಸಿಗೆ ಶಿಬಿರ ನಮಗೆ ಹೊಸದಲ್ಲ. ಮೈಸೂರಿನ ರಂಗಾಯಣದ ಚಿಣ್ಣರ ಮೇಳ ನಾಡಿಗೆಲ್ಲ ಮಾದರಿಯಾಗಿದೆ. ನಮ್ಮದೇ ಹಾನಗಲ್ ತಾಲ್ಲೂಕಿನ ಶೇಷಗಿರಿ ಸಣ್ಣ ಹಳ್ಳಿಯಾದರೂ ನಾಟಕದಿಂದ ಹೆಸರಾಯಿತು. ಊರವರು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಒಂದೇ ರೈಲು ಮಾರ್ಗದ ಊರುಗಳು. ಹಾವೇರಿ ಬಳಿಯ ದೇವಗಿರಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ರಾಣೆಬೆನ್ನೂರಿನಲ್ಲಿ ತರಳಬಾಳು ಜಗದ್ಗುರು ತಾಂತ್ರಿಕ ಕಾಲೇಜಿದೆ. ಅಲ್ಲಿನ ವಿದ್ಯಾರ್ಥಿಗಳೇ ಕಲಿಸುವ ಅಣ್ಣ-ಅಕ್ಕಂದಿರಾಗಬಹುದು. ರಾಣೆಬೆನ್ನೂರಿನ ಬೀಜೋತ್ಪಾದನೆಯಲ್ಲೂ ಲೆಕ್ಕದ ಪಾಠಗಳಿವೆ: ನೂರು ಬೀಜ ಬಿತ್ತಿ ಮೊಳೆತದ್ದನ್ನು ದಿನವೂ ಎಣಿಸಿ, ಮಕ್ಕಳೇ ನಕ್ಷೆ ಬಿಡಿಸಲಿ.

ಅಡ್ಡಿಗಳೂ ಇವೆ, ಅವು ದೊಡ್ಡವಲ್ಲ. ಶಕ್ತಿ ಯೋಜನೆಯಿಂದಾಗಿ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆಯಿಲ್ಲ. ಗಂಡುಮಕ್ಕಳ ಶಾಲಾ ಪಾಸು ಬೇಸಿಗೆಗೆ ಮುಗಿದಿರುತ್ತದೆ, ಅವರಿಗೊಂದು ವ್ಯವಸ್ಥೆ ಬೇಕು. ರಜೆಯಲ್ಲಿ ಮನೆಯ ಕೆಲಸಕ್ಕೆ ಕೈಜೋಡಿಸುವ ಮಕ್ಕಳೇ ಹೆಚ್ಚು. ಹಾಗಾಗಿ ಅರ್ಧ ದಿನದ ಶಿಬಿರವೇ ಸರಿ, ಜೊತೆಗೆ ಒಂದು ಹೊತ್ತಿನ ಊಟ. 2024ರ ಬರದಲ್ಲಿ ಬೇಸಿಗೆ ರಜೆಯಲ್ಲೂ ಸರ್ಕಾರ ಬಿಸಿಯೂಟ ನಡೆಸಿದ್ದು ನೆನಪಿರಲಿ.

ಶಿಕ್ಷಣ ಇಲಾಖೆ ರಜೆಗೆ ಮುನ್ನ ಆದೇಶ ಹೊರಡಿಸಲಿ, ಎಸ್‌ಡಿಎಂಸಿಗಳು ಕಂಪ್ಯೂಟರ್ ಕೋಣೆಯ ಕೀಲಿ ಕೊಡಲಿ, ವರ್ತಕರು ಊಟದ ಖರ್ಚು ಹೊರಲಿ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಈ ಜಿಲ್ಲೆಯ ಮಕ್ಕಳೇ, ಬೇಸಿಗೆಗೆ ಊರಿಗೆ ಬಂದಾಗ ನೀವು ಓದಿದ ಶಾಲೆಗೆ ಎರಡು ಬೆಳಗು ಕೊಡಿ.