ವ್ಯಸನ ಬಿಡಿಸಲು ಜ್ಞಾನಜಾಲ

ವರ್ಷಗಟ್ಟಲೆ ವಿಪರೀತ ಕುಡಿದವರು ಮದ್ಯವನ್ನು ಥಟ್ಟನೆ ನಿಲ್ಲಿಸಿದರೆ ಏನಾಗುತ್ತದೆ ಗೊತ್ತೆ? ಮದ್ಯ ಮಿದುಳಿನ ಚಟುವಟಿಕೆಯನ್ನು ಕುಗ್ಗಿಸುತ್ತದೆ; ಅದನ್ನು ಸರಿದೂಗಿಸಲು ಮಿದುಳು ತನ್ನ ಉದ್ರೇಕವನ್ನು ಹೆಚ್ಚಿಸಿಕೊಂಡಿರುತ್ತದೆ. ಕುಡಿತ ನಿಂತೊಡನೆ, ಅದುಮಿದ ಸ್ಪ್ರಿಂಗನ್ನು ಒಮ್ಮೆಲೇ ಬಿಟ್ಟಂತೆ, ನಡುಕ, ಫಿಟ್ಸ್, ಸನ್ನಿ ಬರಬಹುದು, ಪ್ರಾಣಕ್ಕೂ ಅಪಾಯ. ಹೀಗಾಗಿ ಆಣೆ ಮಾಡಿಸಿದರೆ ಸಾಲದು, ವೈದ್ಯರ ನೆರವು ಬೇಕು.

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಬಲು ದೂರ. ರೋಗಿಯ ಬದಲು ಜ್ಞಾನವೇ ಪ್ರಯಾಣ ಮಾಡಿದರೆ? 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಡಾ. ಸಂಜೀವ್ ಅರೋರಾ ಹೆಪಟೈಟಿಸ್-ಸಿ ಚಿಕಿತ್ಸೆಗಾಗಿ ಆರಂಭಿಸಿದ ‘ಎಕೊ’ ಜಾಲದ ತತ್ತ್ವ ಇದೇ. ದೂರದೂರಿನ ವೈದ್ಯರು ವಿಡಿಯೊ ಮೂಲಕ ತಮ್ಮ ರೋಗಿಗಳ ಸ್ಥಿತಿಯನ್ನು ತಜ್ಞರೊಡನೆ ಚರ್ಚಿಸಿ ಕಲಿಯುತ್ತಾರೆ. ನಿಮ್ಹಾನ್ಸ್ ಈ ವಿಧಾನವನ್ನು ವ್ಯಸನ ಚಿಕಿತ್ಸೆಗೂ ಅಳವಡಿಸಿಕೊಂಡಿದೆ.

ವ್ಯಸನವು ಗುಣದೋಷವಲ್ಲ, ಚಿಕಿತ್ಸೆಯಿರುವ ಕಾಯಿಲೆ ಎಂದು ವಿದ್ಯಾರ್ಥಿಗಳಿಗೆ ತಿಳಿಸಿರಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416 ಅವರಿಗೆ ನೆನಪಿರಲಿ.