ಪಲ್ಟಿಯಾದ ಕಾರಿನ ಚಾವಣಿ: 54 ಡಾಲರಿನ ಲೆಕ್ಕ

ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತವು 2009ರ ಮೇ ತಿಂಗಳಲ್ಲಿ ಕಾರುಗಳ ಚಾವಣಿ ಎಷ್ಟು ಗಟ್ಟಿಯಿರಬೇಕು ಎಂಬ ಹೊಸ ನಿಯಮ ಹೊರಡಿಸಿತು. ಜೊತೆಗೆ ಲೆಕ್ಕವನ್ನೂ ಮುಂದಿಟ್ಟಿತು: ವರ್ಷಕ್ಕೆ 135 ಜೀವ ಉಳಿಯುತ್ತವೆ, 1,065 ಗಾಯಗಳು ತಪ್ಪುತ್ತವೆ, ವೆಚ್ಚ 87.5 ಕೋಟಿಯಿಂದ 140 ಕೋಟಿ ಡಾಲರ್. ಆಗ ಆ ದೇಶದಲ್ಲಿ ವಾಹನ ಪಲ್ಟಿಯಾಗಿ ಸಾಯುತ್ತಿದ್ದವರು ವರ್ಷಕ್ಕೆ ಸುಮಾರು 10,000 ಮಂದಿ. ಅಂದರೆ ಉಳಿಯುವುದು ನೂರಕ್ಕೆ ಒಂದೂವರೆ ಜೀವವೂ ಅಲ್ಲ. ಇಷ್ಟಕ್ಕೆ ಅಷ್ಟು ದುಡ್ಡೇ ಎನ್ನುವ ಮೊದಲು ಅಂಕಿಗಳನ್ನು ಬಿಡಿಸಿ ನೋಡಬೇಕು.

ಒಂದೂವರೆಯಿಂದ ಮೂರು ಪಟ್ಟಿಗೆ

ಪರೀಕ್ಷೆಯಲ್ಲಿ ಕಾರನ್ನು ಉರುಳಿಸುವುದಿಲ್ಲ. ಅಲುಗದಂತೆ ಬಿಗಿದು ನಿಲ್ಲಿಸಿ, 762 ಮಿಲಿಮೀಟರ್ ಅಗಲ, 1,829 ಮಿಲಿಮೀಟರ್ ಉದ್ದದ ಲೋಹದ ಹಲಗೆಯನ್ನು ಪಕ್ಕಕ್ಕೆ 25 ಡಿಗ್ರಿ, ಮುಂದಕ್ಕೆ 5 ಡಿಗ್ರಿ ಓರೆಯಾಗಿಸಿ ಚಾವಣಿಯ ಅಂಚಿನ ಮೇಲೆ ನಿಧಾನವಾಗಿ ಒತ್ತುತ್ತಾರೆ. ಹಲಗೆ 127 ಮಿಲಿಮೀಟರ್ ಇಳಿಯುವುದರೊಳಗೆ ಚಾವಣಿ ನಿಗದಿತ ಭಾರವನ್ನು ತಡೆದು ತೋರಿಸಬೇಕು.

1973ರಲ್ಲಿ ಜಾರಿಯಾದ ಹಳೆಯ ನಿಯಮಕ್ಕೆ ಕಾರಿನ ಖಾಲಿ ತೂಕದ ಒಂದೂವರೆ ಪಟ್ಟು ಸಾಕಾಗಿತ್ತು, ಅದೂ ಒಂದೇ ಬದಿಗೆ. ಹೊಸ ನಿಯಮ ಕೇಳುವುದು ಮೂರು ಪಟ್ಟು, ಒಂದಾದ ಮೇಲೊಂದರಂತೆ ಎರಡೂ ಬದಿಗೆ. 1,400 ಕೆಜಿ ಕಾರಿನ ಚಾವಣಿ ಮೊದಲು 2,100 ಕೆಜಿ ಭಾರ ತಡೆದರೆ ಪಾಸಾಗುತ್ತಿತ್ತು. ಈಗ 4,200 ಕೆಜಿ ತಡೆಯಬೇಕು. ಸರಕು, ಜನ ಎಲ್ಲ ಸೇರಿ 2,722ರಿಂದ 4,536 ಕೆಜಿ ತೂಗುವ ದೊಡ್ಡ ಪಿಕಪ್ ಮತ್ತು ಎಸ್‌ಯುವಿಗಳಿಗೆ ಹಿಂದೆ ಈ ನಿಯಮವೇ ಅನ್ವಯಿಸುತ್ತಿರಲಿಲ್ಲ. ಅವು ಈಗ ಒಂದೂವರೆ ಪಟ್ಟಿನ ಲೆಕ್ಕಕ್ಕೆ ಬಂದಿವೆ.

10,000ದಲ್ಲಿ 667

ಪಲ್ಟಿ ಅಪಘಾತದ ಸಾವೆಲ್ಲ ಚಾವಣಿ ಕುಸಿದು ಆದ ಸಾವಲ್ಲ. ಸತ್ತವರಲ್ಲಿ ಸುಮಾರು ಅರ್ಧದಷ್ಟು ಮಂದಿ ಕಿಟಕಿಯಿಂದಲೋ ಬಾಗಿಲಿನಿಂದಲೋ ಹೊರಗೆ ಎಸೆಯಲ್ಪಟ್ಟವರು. ಇವರಲ್ಲಿ ಬಹುಪಾಲು ಜನ ಸೀಟ್ ಬೆಲ್ಟ್ ಹಾಕಿರಲಿಲ್ಲ. ಕಾರಿನಿಂದಲೇ ಹೊರಗೆ ಬಿದ್ದವರನ್ನು ಗಟ್ಟಿ ಚಾವಣಿ ಕಾಯುವುದೆಲ್ಲಿಂದ? ಇಂಥವನ್ನೆಲ್ಲ ಕಳೆದಾಗ ಚಾವಣಿಯ ಬಲಕ್ಕೆ ಸಂಬಂಧಪಟ್ಟ ಸಾವುಗಳು ಸುಮಾರು 667, ಶೇ 7ರಷ್ಟು ಎಂದು ಆಡಳಿತ ಲೆಕ್ಕ ಹಾಕಿತು. ಆ 667ರಲ್ಲಿ 135 ಎಂದರೆ ಐದಕ್ಕೆ ಒಂದು. ಅಷ್ಟಾದರೆ ಸಣ್ಣ ಮಾತಲ್ಲ.

ಅದೇ ಕಾಲದ ಇನ್ನೆರಡು ನಿಯಮಗಳನ್ನು ಪಕ್ಕದಲ್ಲಿಟ್ಟರೆ ಚಿತ್ರ ಇನ್ನೂ ಸ್ಪಷ್ಟ:

- 2007, ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್ (ಇಎಸ್‌ಸಿ): ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ಬ್ರೇಕ್) ಇರುವ ವಾಹನಕ್ಕೆ 111 ಡಾಲರ್, ಪಲ್ಟಿ ಸಾವುಗಳಲ್ಲಿ 4,200ರಿಂದ 5,500 ತಪ್ಪುವ ಅಂದಾಜು.
- 2009, ಚಾವಣಿ ಬಲ: ಒಂದು ವಾಹನದ ಚಾವಣಿ ಗಟ್ಟಿಗೊಳಿಸಲು 54 ಡಾಲರ್, 135 ಜೀವ.
- 2011, ಪಕ್ಕದ ಕಿಟಕಿಯಿಂದ ಹೊರಬೀಳದಂತೆ ತಡೆಯುವ ಏರ್‌ಬ್ಯಾಗ್ ಪರದೆ: ಸುಮಾರು 31 ಡಾಲರ್, 373 ಜೀವ.

ಇಎಸ್‌ಸಿ ಅಡ್ಡಾದಿಡ್ಡಿ ಜಾರುವ ಗಾಡಿಯ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ದಾರಿಗೆ ತರುತ್ತದೆ. ಪಲ್ಟಿಯೇ ಆಗದಿದ್ದರೆ ಚಾವಣಿಯ ಪ್ರಶ್ನೆಯೇ ಏಳುವುದಿಲ್ಲ. ಚಾವಣಿಯ ಪಾಲಿಗೆ 135 ಮಾತ್ರ ಉಳಿದದ್ದಕ್ಕೆ ಇದೂ ಒಂದು ಕಾರಣ: ಇಎಸ್‌ಸಿ ಉಳಿಸುವ ಜೀವಗಳನ್ನು ಅದರ ಖಾತೆಗೆ ಬರೆಯುವಂತಿಲ್ಲ.

ಉಕ್ಕಿನ ಖರ್ಚು, ಪೆಟ್ರೋಲಿನ ಖರ್ಚು

54 ಡಾಲರ್ ಹೋಗುವುದು ಗಾಜಿನ ಪಕ್ಕದ ಕಂಬಗಳಿಗೆ, ಚಾವಣಿಯ ಅಂಚಿನ ತೊಲೆಗಳಿಗೆ ಹಾಕುವ ಗಟ್ಟಿ ಉಕ್ಕಿಗೆ. ತೂಕ ಏರಿದಂತೆ ಇಂಧನವೂ ಹೆಚ್ಚು ಸುಡುತ್ತದೆ: ಗಾಡಿಯ ಆಯುಷ್ಯದುದ್ದಕ್ಕೂ 15ರಿಂದ 62 ಡಾಲರ್. ಗಾಯಗಳ ಲೆಕ್ಕ ಬಿಟ್ಟು ಒಟ್ಟು ವೆಚ್ಚವನ್ನು 135ರಿಂದ ಭಾಗಿಸಿದರೆ ಒಂದು ಜೀವಕ್ಕೆ 65 ಲಕ್ಷದಿಂದ 1.04 ಕೋಟಿ ಡಾಲರ್ ಬೀಳುತ್ತದೆ. ಇದೇ ನಿಯಮದ 2005ರ ಮೊದಲ ಕರಡು ಎರಡೂವರೆ ಪಟ್ಟನ್ನಷ್ಟೇ ಕೇಳಿತ್ತು. ಆಗ ಅಂದಾಜಿಸಿದ್ದು 13ರಿಂದ 44 ಜೀವ.

ಗಟ್ಟಿ ಚಾವಣಿಯಿಂದ ಪ್ರಯೋಜನವೇ ಇಲ್ಲ ಎಂಬ ವಾದವೂ ಇತ್ತು. ಜನರಲ್ ಮೋಟರ್ಸ್ 1980ರ ದಶಕದಲ್ಲಿ ಶೆವ್ರೊಲೆ ಮಾಲಿಬು ಕಾರುಗಳನ್ನು ಉರುಳಿಸಿ ನೋಡಿತು. ಕೆಲವಕ್ಕೆ ಉಕ್ಕಿನ ಪಂಜರ ಕಟ್ಟಿತ್ತು. ಚಾವಣಿ ಕುಸಿಯುವ ಮೊದಲೇ ತಲೆ ಅದಕ್ಕೆ ಬಡಿಯುತ್ತದೆ ಎಂಬುದು ಅದರ ತೀರ್ಮಾನ. ನಿಜ ಅಪಘಾತಗಳ ದಾಖಲೆ ಹೇಳಿದ್ದು ಬೇರೆ. ವಿಮಾ ಕಂಪನಿಗಳ ಹಣದಿಂದ ನಡೆಯುವ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಐಐಎಚ್‌ಎಸ್ ಪ್ರಕಾರ, ಒಂದೂವರೆ ಪಟ್ಟಿನ ಬದಲು ನಾಲ್ಕು ಪಟ್ಟು ಬಲವಿದ್ದರೆ ಒಂಟಿ ವಾಹನದ ಪಲ್ಟಿಯಲ್ಲಿ ಸಾವು ಮತ್ತು ತೀವ್ರ ಗಾಯದ ಅಪಾಯ ಅರ್ಧಕ್ಕೆ ಇಳಿಯುತ್ತದೆ. ಅದು 2009ರಲ್ಲಿ 12 ಚಿಕ್ಕ ಎಸ್‌ಯುವಿಗಳನ್ನು ಪರೀಕ್ಷಿಸಿದಾಗ ಫೋಕ್ಸ್‌ವ್ಯಾಗನ್ ಟಿಗ್ವಾನ್ 6.9 ಪಟ್ಟು ತಡೆಯಿತು, ಕಿಯಾ ಸ್ಪೋರ್ಟೇಜ್ 2.8 ಪಟ್ಟು. ಮೂರು ಪಟ್ಟಿನ ನಿಯಮ ಕೈಗೆಟುಕದ ಗುರಿಯಲ್ಲ ಎಂಬುದಕ್ಕೆ ಅಂಗಡಿಯಲ್ಲಿದ್ದ ಕಾರುಗಳೇ ಸಾಕ್ಷಿ.

ಕೊಳ್ಳುವವರಿಗೆ

ನಿಯಮ 2012ರ ಸೆಪ್ಟೆಂಬರಿನಿಂದ ಹಂತ ಹಂತವಾಗಿ ಜಾರಿಯಾಯಿತು. ಅಮೆರಿಕದಲ್ಲಿ ಸೆಕೆಂಡ್‌ ಹ್ಯಾಂಡ್ ಕಾರು ಕೊಳ್ಳುವ ಕನ್ನಡಿಗರು, ದೊಡ್ಡ ಪಿಕಪ್ ಮತ್ತು ಎಸ್‌ಯುವಿಗಳನ್ನು ಬಿಟ್ಟು, 2016ರ ನಂತರದ ಮಾದರಿ ಆರಿಸಿಕೊಂಡರೆ ಇಎಸ್‌ಸಿ, ಮೂರು ಪಟ್ಟಿನ ಚಾವಣಿ ಎರಡೂ ಸಿಗುತ್ತವೆ. ನಮ್ಮಲ್ಲಿ 2023ರಲ್ಲಿ ಶುರುವಾದ, ಕಾರುಗಳ ಸುರಕ್ಷತೆಗೆ ಸ್ಟಾರ್ ಕೊಡುವ ಭಾರತ್ ಎನ್‌ಕ್ಯಾಪ್ ಮುಂದಿನ ಹಾಗೂ ಪಕ್ಕದ ಡಿಕ್ಕಿಯನ್ನು ಪರೀಕ್ಷಿಸುತ್ತದೆ, ಮೂರು ಮತ್ತು ಹೆಚ್ಚು ಸ್ಟಾರ್‌ಗೆ ಇಎಸ್‌ಸಿ ಕೇಳುತ್ತದೆ. ಚಾವಣಿ ಒತ್ತುವ ಪರೀಕ್ಷೆ ಅದರಲ್ಲಿಲ್ಲ. ಐದು ಸ್ಟಾರ್ ನೋಡಿ ಪಲ್ಟಿಯ ಭಯವಿಲ್ಲ ಎಂದುಕೊಳ್ಳುವಂತಿಲ್ಲ. ಇಎಸ್‌ಸಿ ಇರುವ ಗಾಡಿ ಆರಿಸಿ, ಹಿಂದಿನ ಸೀಟಿನವರೂ ಬೆಲ್ಟ್ ಹಾಕಿಕೊಂಡರೆ ಪಲ್ಟಿ ಸಾವುಗಳ ದೊಡ್ಡ ಪಾಲು ಅಲ್ಲೇ ಕಳೆಯುತ್ತದೆ. ಉಳಿದ ಪಾಲಿಗೆ ಚಾವಣಿಯ ಬಲ ಬೇಕು. ಅದನ್ನು ನಿಯಮವೇ ಕೇಳಬೇಕು.