ಮಹಿಳೆಯರ ದೀರ್ಘಕಾಲದ ಶ್ರೋಣಿ ನೋವು ಮತ್ತು ವ್ಯಾಯಾಮ

ದೀರ್ಘಕಾಲದ ಶ್ರೋಣಿ ನೋವು ಎಂದರೆ ಹೊಕ್ಕುಳಿನ ಕೆಳಭಾಗದಲ್ಲಿ 6 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಸತತವಾಗಿ ಇಲ್ಲವೆ ಬಿಟ್ಟು ಬಿಟ್ಟು ಕಾಡುವ ನೋವು. ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಇದನ್ನು ಕಿಬ್ಬೊಟ್ಟೆ ನೋವು, ಟೊಂಕದ ನೋವು ಎಂದು ಹೇಳುವುದುಂಟು. ಔಷಧಿಯ ಜೊತೆಗೆ ಸೂಕ್ತ ವ್ಯಾಯಾಮವೂ ಈ ನೋವಿನ ನಿರ್ವಹಣೆಯ ಒಂದು ಭಾಗವಾಗಿದೆ.

ಕಾರಣಗಳು

ಎಂಡೊಮೆಟ್ರಿಯೋಸಿಸ್, ಗರ್ಭಕೋಶ ಮತ್ತು ಅಂಡನಾಳಗಳ ಸೋಂಕು, ಮೂತ್ರಕೋಶದ ಅಥವಾ ಕರುಳಿನ ತೊಂದರೆಗಳು ಇದಕ್ಕೆ ಕಾರಣವಾಗಬಹುದು. ಅನೇಕರಲ್ಲಿ ಒಂದಕ್ಕಿಂತ ಹೆಚ್ಚು ಕಾರಣಗಳು ಕೂಡಿರುತ್ತವೆ. ಗರ್ಭಕೋಶ, ಮೂತ್ರಕೋಶ ಮತ್ತು ಗುದನಾಳಕ್ಕೆ ಕೆಳಗಿನಿಂದ ಆಸರೆಯಾಗಿರುವ ಶ್ರೋಣಿತಳದ ಸ್ನಾಯುಗಳು ಬಿಗಿಯಾದಾಗಲೂ ನೋವು ಉಂಟಾಗುತ್ತದೆ. ನೋವಿನಿಂದ ಸ್ನಾಯು ಬಿಗಿಯುತ್ತದೆ, ಬಿಗಿತದಿಂದ ನೋವು ಹೆಚ್ಚುತ್ತದೆ. ಕಾಲ ಕಳೆದಂತೆ ನರಮಂಡಲವೂ ಸೂಕ್ಷ್ಮಗೊಂಡು, ಮೂಲ ಕಾರಣ ವಾಸಿಯಾದ ಮೇಲೂ ನೋವು ಉಳಿಯಬಹುದು.

ದುಡಿಮೆ ಮತ್ತು ವ್ಯಾಯಾಮ

ನವಲಗುಂದ, ಅಣ್ಣಿಗೇರಿ ಮತ್ತು ಕುಂದಗೋಳದ ಎರೆಭೂಮಿಯಲ್ಲಿ ಹತ್ತಿ, ಕಡಲೆ, ಮೆಣಸಿನಕಾಯಿ ಬೆಳೆಯುತ್ತಾರೆ. ಕಲಘಟಗಿಯಲ್ಲಿ ಭತ್ತ ಬೆಳೆಯುತ್ತಾರೆ. ಕಳೆ ತೆಗೆಯುವುದು, ಹತ್ತಿ ಬಿಡಿಸುವುದು, ಸಸಿ ನಾಟಿ ಮಾಡುವುದು ಹೆಚ್ಚಾಗಿ ಹೆಣ್ಣುಮಕ್ಕಳ ಕೆಲಸ. ಹೀಗೆ ದಿನವಿಡೀ ದುಡಿಯುವವರಿಗೆ ಬೇರೆ ವ್ಯಾಯಾಮವೇಕೆ ಎಂಬ ಪ್ರಶ್ನೆ ಸಹಜ. ಆದರೆ ಈ ಕೆಲಸಗಳಲ್ಲಿ ದೇಹವು ಗಂಟೆಗಟ್ಟಲೆ ಬಾಗಿದ ಅಥವಾ ಕುಕ್ಕುರುಗಾಲಿನ ಒಂದೇ ಭಂಗಿಯಲ್ಲಿರುತ್ತದೆ. ಭಾರ ಎತ್ತುವಾಗ ಹೊಟ್ಟೆಯ ಒಳಗಿನ ಒತ್ತಡ ಏರುತ್ತದೆ. ವ್ಯಾಯಾಮದಲ್ಲಿ ಚಲನೆ ಅಳತೆಯಲ್ಲಿರುತ್ತದೆ. ಬಿಗಿದ ಸ್ನಾಯುವನ್ನು ಸಡಿಲಗೊಳಿಸುವುದೂ ಅದರ ಉದ್ದೇಶ. ಆದ್ದರಿಂದ ಹೊಲದ ದುಡಿಮೆ ವ್ಯಾಯಾಮಕ್ಕೆ ಬದಲಿಯಲ್ಲ.

ವ್ಯಾಯಾಮದ ವಿಧಗಳು

* ಆಳವಾದ ಉಸಿರಾಟ: ಮೊಣಕಾಲು ಮಡಚಿ ಅಂಗಾತ ಮಲಗಿ, ಹೊಟ್ಟೆ ಉಬ್ಬುವಂತೆ ನಿಧಾನವಾಗಿ ಉಸಿರೆಳೆದು ಬಿಡುವುದು. ಉಸಿರೆಳೆದಾಗ ಶ್ರೋಣಿತಳ ಕೆಳಗಿಳಿದು ಸಡಿಲವಾಗುತ್ತದೆ.
* ಸ್ನಾಯು ಹಿಗ್ಗಿಸುವಿಕೆ: ಬದ್ಧಕೋಣಾಸನ, ಬಾಲಾಸನ, ಮಾರ್ಜಾಲಾಸನ ಮೊದಲಾದವು ಸೊಂಟ, ತೊಡೆ ಮತ್ತು ಬೆನ್ನನ್ನು ಸಡಿಲಿಸುತ್ತವೆ.
* ನಡಿಗೆ: ಕೆಲವೇ ನಿಮಿಷಗಳಿಂದ ಆರಂಭಿಸಿ ಕ್ರಮೇಣ ಹೆಚ್ಚಿಸುವುದು.
* ಕೆಗೆಲ್ ವ್ಯಾಯಾಮ: ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ವಿವರಿಸಿದ, ಶ್ರೋಣಿತಳವನ್ನು ಬಿಗಿಹಿಡಿದು ಬಿಡುವ ಕ್ರಮ. ದುರ್ಬಲ ಸ್ನಾಯುಗಳಿಗೆ, ಮೂತ್ರ ಸೋರುವಿಕೆಗೆ ಇದು ಉಪಯುಕ್ತ. ಸ್ನಾಯು ಮೊದಲೇ ಬಿಗಿಯಾಗಿದ್ದರೆ ನೋವು ಹೆಚ್ಚಬಹುದು. ಆದಕಾರಣ ಪರೀಕ್ಷೆ ಮಾಡಿಸದೆ ಇದನ್ನು ಆರಂಭಿಸಬಾರದು.

ಮುಟ್ಟಿನ ನೋವಿಗೆ ಸಂಬಂಧಿಸಿದಂತೆ 2019ರ ಕೊಕ್ರೇನ್ ಸಮೀಕ್ಷೆಯು, ವಾರಕ್ಕೆ ಕನಿಷ್ಠ 3 ಬಾರಿ, ಪ್ರತಿ ಬಾರಿ ಸುಮಾರು 45ರಿಂದ 60 ನಿಮಿಷ ವ್ಯಾಯಾಮ ಮಾಡಿದರೆ ನೋವು ಗಮನಾರ್ಹವಾಗಿ ತಗ್ಗಬಹುದೆಂದು ಹೇಳಿತು. ಆದರೆ ಲಭ್ಯವಿದ್ದ ಪುರಾವೆ ಪ್ರಬಲವಲ್ಲವೆಂದೂ ತಿಳಿಸಿತು. ಉಪಶಮನ ಕಾಣಲು ಹಲವು ವಾರಗಳು ಬೇಕು. ವ್ಯಾಯಾಮದ ನಂತರ ನೋವು ಹೆಚ್ಚಿ ಮರುದಿನವೂ ಉಳಿದರೆ ಪ್ರಮಾಣವನ್ನು ತಗ್ಗಿಸಬೇಕು.

ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ

ಕಿಬ್ಬೊಟ್ಟೆ ನೋವಿಗೆ ಗರ್ಭಚೀಲ ತೆಗೆಸುವುದೇ ಪರಿಹಾರವೆಂಬ ನಂಬಿಕೆ ಗ್ರಾಮೀಣ ಭಾಗದಲ್ಲಿದೆ. ಕೆಲವು ರೋಗಗಳಲ್ಲಿ ಈ ಶಸ್ತ್ರಚಿಕಿತ್ಸೆ ಅಗತ್ಯ. ಆದರೆ ನೋವಿನ ಮೂಲ ಸ್ನಾಯು, ಮೂತ್ರಕೋಶ ಅಥವಾ ಕರುಳಿನಲ್ಲಿದ್ದರೆ ಗರ್ಭಕೋಶ ತೆಗೆದ ನಂತರವೂ ನೋವು ಮುಂದುವರಿಯುತ್ತದೆ. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಸರ್ಕಾರ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದನ್ನು 3 ತಿಂಗಳೊಳಗೆ ಜಾರಿಗೊಳಿಸುವಂತೆ ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ನಿರ್ದೇಶಿಸಿತು. ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲು ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು ಒಳಿತು.

ವೈದ್ಯಕೀಯ ನೆರವು

ಜ್ವರ, ದುರ್ವಾಸನೆಯ ಸ್ರಾವ, ಅತಿಯಾದ ರಕ್ತಸ್ರಾವ, ಮುಟ್ಟು ನಿಂತ ಬಳಿಕದ ರಕ್ತಸ್ರಾವ, ಕಾರಣವಿಲ್ಲದೆ ತೂಕ ಇಳಿಯುವಿಕೆ, ಗರ್ಭಿಣಿಯಾಗಿರುವ ಸಾಧ್ಯತೆ ಅಥವಾ ಹಠಾತ್ ತೀವ್ರ ನೋವು ಇದ್ದರೆ ವ್ಯಾಯಾಮ ಆರಂಭಿಸದೆ ಕೂಡಲೇ ವೈದ್ಯರನ್ನು ಕಾಣಬೇಕು. ಗ್ರಾಮದ ಆಶಾ ಕಾರ್ಯಕರ್ತೆಯ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೂ ಅಲ್ಲಿಂದ ತಾಲ್ಲೂಕು ಆಸ್ಪತ್ರೆಯನ್ನೂ ಸಂಪರ್ಕಿಸಬಹುದು. ಹೆಚ್ಚಿನ ಪರೀಕ್ಷೆಗೆ ಹುಬ್ಬಳ್ಳಿಯಲ್ಲಿ ಕಿಮ್ಸ್ ಎಂದೇ ಪರಿಚಿತವಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ.